ಕವಿ ಗವಾಯಿ

ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ಹೋಳಿ ಹುಣ್ಣಿಮೆಯಾದ ಐದನೆಯ ದಿನಕ್ಕೆ ಬರುತ್ತದೆ. ಹಿಂಗಾರಿನ ಜೋಳ ಕಣ ಸೇರಿ ರಾಶಿಯಾಗಿರುವ ಕಾಲ ಅದು. ರೈತನ ಕೈಗೆ ಒಂದಿಷ್ಟು ಬಿಡುವು, ಕಿಸೆಯಲ್ಲಿ ನಾಲ್ಕು ಕಾಸು. ಜೇವರ್ಗಿ, ಆಳಂದ, ಅಫಜಲಪುರದ ಕಡೆಯಿಂದಲೂ, ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಕಮಲಾಪುರದ ಕಡೆಯಿಂದಲೂ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ಬಸ್ಸು, ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ. ವಾಹನ ಬದಲಾಯಿತು, ಹಾದಿ ಮಾತ್ರ ಅದೇ: ಅಪ್ಪನ ಗುಡಿಯ ಹಾದಿ. ಊರವರು ದೇವಸ್ಥಾನಕ್ಕೆ ಅಪ್ಪನ ಗುಡಿ ಎನ್ನುತ್ತಾರೆ, ಅಲ್ಲಿಯ ಕೆರೆಗೆ ಅಪ್ಪನ ಕೆರೆ ಎನ್ನುತ್ತಾರೆ. ಪರುಷ ಬಟ್ಟಲಿನ ದರ್ಶನವಾಗುತ್ತದೆ, ತೇರು ಸಾಗುತ್ತದೆ, ಉತ್ತತ್ತಿ ಬಾಳೆಹಣ್ಣುಗಳು ತೇರಿನ ಮೇಲೆ ಹಾರುತ್ತವೆ.

ಹೊತ್ತು ಮುಳುಗಿದ ಮೇಲೆ? ತೇರು ಎಳೆದ ಕೂಡಲೇ ಊರಿಗೆ ಹೊರಡುವವನು ನಮ್ಮ ಕಡೆಯ ಜಾತ್ರೆಗೆ ಬಂದವನೇ ಅಲ್ಲ. ಬಯಲಿನಲ್ಲಿ ಎಲ್ಲಿಯಾದರೂ ಒಂದು ತಗಡಿನ ಥಿಯೇಟರು ಎದ್ದಿರಬೇಕು, ಒಳಗಿನಿಂದ ಕಾಲುಪೇಟಿಯ ಸ್ವರ ಕೇಳಿಸುತ್ತಿರಬೇಕು. ರಾತ್ರಿ ಹತ್ತಕ್ಕೆ ನಾಂದಿ, ಬೆಳಗಿನ ಜಾವಕ್ಕೆ ಮಂಗಳ. ನಡುವೆ ಎಷ್ಟು ಹಾಡು ಎಂದು ಎಣಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಸತ್ತು ಬಿದ್ದಿದ್ದ ರಾಜಕುಮಾರ ಎದ್ದು ಕುಳಿತು ಅದೇ ಹಾಡನ್ನು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಇದನ್ನು ಕಂಡು ನಗುವ ಪಂಡಿತರಿದ್ದಾರೆ. ಯುರೋಪಿನ ದೊಡ್ಡ ದೊಡ್ಡ ಆಪೆರಾ ಮಂದಿರಗಳಲ್ಲಿಯೂ ಸಾಯುವ ನಾಯಕಿ ಕಾಲು ಗಂಟೆ ಹಾಡದೆ ಸಾಯುವುದಿಲ್ಲವೆಂಬುದನ್ನು ಅವರಿಗೆ ನೆನಪು ಮಾಡಿಕೊಡಬೇಕು.

ಆಪೆರಾ ಎಂದರೆ ಮತ್ತೇನು? ಹಾಡಿನಿಂದ ನಡೆಯುವ ನಾಟಕ. ಇಟಲಿಯಲ್ಲಿ ಅದು ಹುಟ್ಟಿದ್ದು 16ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. 1607ರಲ್ಲಿ ಮಾಂಟುವಾ ಎಂಬ ಊರಿನ ಅರಮನೆಯಲ್ಲಿ ಮೊಂಟೆವೆರ್ಡಿಯ ‘ಓರ್ಫೆಯೊ’ ನಡೆಯಿತು. ಅದರಲ್ಲಿ ನಾಯಕನ ಪಾತ್ರವನ್ನು ಹಾಡಿದವನು ಫ್ರಾಂಚೆಸ್ಕೊ ರಾಸಿ ಎಂಬ ಗಾಯಕನೆಂದು ವಿದ್ವಾಂಸರು ನಂಬಿದ್ದಾರೆ. ಈ ರಾಸಿ ಬರಿಯ ಗಾಯಕನಲ್ಲ, ಕವಿಯೂ ಹೌದು. ತಾನೇ ಹಾಡು ಕಟ್ಟಿ ಅಚ್ಚು ಹಾಕಿಸಿದವನು. ಆದರೆ ಕಾಲ ಕಳೆದಂತೆ ಅಲ್ಲಿ ಕೆಲಸಗಳು ಹಂಚಿಹೋದವು. ಮಾತು ಬರೆಯುವವನೊಬ್ಬ, ರಾಗ ಕೂಡಿಸುವವನೊಬ್ಬ, ಹಾಡುವವನು ಮತ್ತೊಬ್ಬ. ಹಾಡುವವನ ಕೈಯಲ್ಲಿ ಲೇಖನಿ ಕಾಣುವುದು ಅಪರೂಪವಾಯಿತು.

ನಮ್ಮಲ್ಲಿ ಈ ಹಂಚಿಕೆ ಅಷ್ಟು ಕಟ್ಟುನಿಟ್ಟಾಗಿ ಆಗಲಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಹಾಡಿನ ನಾಟಕವಾಗಿ ರಂಗಕ್ಕೆ ತಂದಾಗ ಬರೆದವರೂ ಅವರೇ, ಬಣ್ಣ ಹಚ್ಚಿ ನಿಂತವರೂ ಅವರೇ. ಇತ್ತ ಗದಗಿನಲ್ಲಿ, ಮರಾಠಿ ನಾಟಕದ ಮೋಹದಲ್ಲಿ ಕನ್ನಡವನ್ನು ಮರೆತಿದ್ದ ಜನರನ್ನು ಎಚ್ಚರಿಸಲು ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕ ಮಂಡಳಿ ಕಟ್ಟಿದರು. ಶಾಂತಕವಿಗಳೆಂದು ನಾವು ನೆನೆಯುವವರು ಇವರೇ. ಇವರು ಕೀರ್ತನಕಾರರು, ನಾಟಕಕಾರರು. ಗದಗಿನ ಹೆಸರು ನೆನಪಿರಲಿ. ನಾನಿಂದು ಹೇಳಹೊರಟ ಗಾಯಕರು ಬಾಳಿದ್ದು ಅದೇ ಊರಿನಲ್ಲಿ.

ಅವರ ಹೆಸರು ಪುಟ್ಟರಾಜ ಗವಾಯಿಗಳು. ಜನರು ಆ ಹೆಸರಿಗೆ ಇನ್ನೊಂದು ಶಬ್ದವನ್ನು ಕೂಡಿಸಿ ಪುಟ್ಟರಾಜ ಕವಿ ಗವಾಯಿಗಳು ಎಂದರು. ಗವಾಯಿಗಳು ನಮ್ಮ ಕಡೆ ಬಹಳ ಮಂದಿ, ಕವಿಗಳೂ ಕಡಿಮೆಯಿಲ್ಲ. ಎರಡನ್ನೂ ಒಬ್ಬರ ಹೆಸರಿಗೆ ಒಟ್ಟಿಗೆ ಅಂಟಿಸಿ ಕರೆಯುವುದು ಮಾತ್ರ ಹೆಚ್ಚಾಗಿ ಕಂಡದ್ದಲ್ಲ.

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಅವರ ಜನನ. ಹಸುಗೂಸಾಗಿದ್ದಾಗಲೇ ಕಣ್ಣು ಹೋದವು, ತಂದೆಯೂ ಹೋದರು. ಸಾಕಿದವರು ಸೋದರಮಾವ. ಕೂಸು ಪೇಟಿಯ ಮನೆಗಳನ್ನು ತಡಕಾಡಿ ಸ್ವರ ಹಿಡಿಯುವುದನ್ನು ಕಂಡು ಆ ಮಾವ ಅದನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಒಯ್ದರು.

ಪಂಚಾಕ್ಷರಿ ಗವಾಯಿಗಳೂ ಕಣ್ಣಿಲ್ಲದವರೇ. 1892ರಲ್ಲಿ ಹುಟ್ಟಿದ ಅವರಿಗೆ ದಾರಿ ತೋರಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬದಾಮಿಯ ಸಮೀಪ ಶಿವಯೋಗಮಂದಿರ ಕಟ್ಟಿದ ಮಹನೀಯರು. ಅವರ ಆಶ್ರಯದಲ್ಲಿ ಪಂಚಾಕ್ಷರಿ ಗವಾಯಿಗಳು ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಳಗಿದರು. ಆಮೇಲೆ ಅವರು ನಡೆಸಿದ್ದು ಒಂದು ಸಂಚಾರಿ ಪಾಠಶಾಲೆ. ಕುರುಡ ಮಕ್ಕಳು, ತಬ್ಬಲಿ ಮಕ್ಕಳು, ಎರಡು ಹೊತ್ತಿನ ಊಟಕ್ಕಿಲ್ಲದ ಮಕ್ಕಳು ಇವರನ್ನೆಲ್ಲ ಕಟ್ಟಿಕೊಂಡು ಊರಿಂದೂರಿಗೆ ನಡೆಯುವುದು, ಯಾವ ಊರಿನವರು ಅನ್ನ ಕೊಟ್ಟರೋ ಅಲ್ಲಿ ಇದ್ದು ಪಾಠ ಹೇಳುವುದು. ಈ ಅಲೆದಾಟ ಕಡೆಗೆ ಗದಗಿನಲ್ಲಿ ನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಬಾಲಕ ಪುಟ್ಟಯ್ಯ ಹಿಂದೂಸ್ತಾನಿ ಕಲಿತದ್ದು ಈ ಗುರುಗಳಿಂದ, ಕರ್ನಾಟಕ ಪದ್ಧತಿಯನ್ನು ಕಲಿತದ್ದು ಮುಂಡರಗಿ ರಾಘವೇಂದ್ರಾಚಾರ್ಯರಿಂದ. ಪೇಟಿ, ತಬಲಾ, ಪಿಟೀಲು, ಸಾರಂಗಿ ಹೀಗೆ ಕೈಗೆ ಸಿಕ್ಕ ವಾದ್ಯವೆಲ್ಲ ಅವರ ಮಾತು ಕೇಳಿತು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಗ ಪುಟ್ಟರಾಜರಿಗೆ ಮೂವತ್ತು ವರ್ಷ. ಗಾಯಕನ ಜೀವನದಲ್ಲಿ ಮೂವತ್ತನೆಯ ವರ್ಷವೆಂದರೆ ಏನೆಂಬುದನ್ನು ಸಂಗೀತ ಬಲ್ಲವರಿಗೆ ಹೇಳಬೇಕಿಲ್ಲ. ಕಂಠ ಮಾಗಿರುತ್ತದೆ, ಉಸಿರು ತುಂಬಿರುತ್ತದೆ, ಮುಂಬಯಿ ಪುಣೆಗಳ ಮೈಫಿಲಿಗೆ ಹೋಗಿ ಹೆಸರು ಮಾಡಬೇಕಾದ ಹೊತ್ತು. ಅದೇ ಹೊತ್ತಿಗೆ ಇವರ ಹೆಗಲಿಗೆ ಬಿದ್ದದ್ದು ಒಂದು ಆಶ್ರಮ, ಅದರೊಳಗಿನ ಮಕ್ಕಳು, ಅವರ ಹಸಿವು.

ಇಲ್ಲಿ ನಾನು ಮತ್ತೆ ಅಪ್ಪನ ಗುಡಿಗೆ ಬರಬೇಕು. ಶರಣಬಸವಪ್ಪನವರು 1746ರಿಂದ 1822ರವರೆಗೆ ಬಾಳಿದವರು. ಅರಳಗುಂಡಿಗಿಯ ಒಕ್ಕಲು ಮನೆತನ. ಹೊಲದ ಕಾಳಿಗೆ ಹಕ್ಕಿ ಬಂದರೆ ಕವಣೆ ಬೀಸದೆ, ತಿಂದ ಹಕ್ಕಿಗೆ ನೀರಡಿಕೆಯಾದೀತೆಂದು ಗಡಿಗೆಯಲ್ಲಿ ನೀರು ಇಡಿಸಿದರೆಂಬ ಐತಿಹ್ಯ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವರ ಹಿರಿಮೆ ದಾಸೋಹದ ಹಿರಿಮೆ. ಬಂದವರಿಗೆ ಯಾರು ಏನು ಎಂದು ಕೇಳದೆ ಉಣಬಡಿಸುವುದು. ಈ ದಾಸೋಹಕ್ಕೆ ಬೆಂಬಲವಾಗಿದ್ದದ್ದು ಎರೆಯ ಭೂಮಿ, ಒಕ್ಕಲುತನ, ಭಕ್ತರು ತಂದು ಸುರಿಯುವ ಜೋಳದ ಚೀಲ.

ಗದಗಿನ ಆಶ್ರಮದಲ್ಲಿಯೂ ದಾಸೋಹವೇ. ಆದರೆ ಅಲ್ಲಿ ಉಳುವವರೇ ಕಣ್ಣಿಲ್ಲದವರು. ಅವರಿಗಿದ್ದ ಹೊಲ ಎಂದರೆ ಕಂಠ. ಆ ಹೊಲವನ್ನು ಉತ್ತು ಬೆಳೆ ತೆಗೆಯುವ ಬಗೆ ಹೇಗೆ? ಪುಟ್ಟರಾಜರು ಕಂಡುಕೊಂಡ ಉತ್ತರ ನಾಟಕ ಕಂಪನಿ. ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವೆಂದು ಅದರ ಹೆಸರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ಹುಟ್ಟಿದ ಕಂಪನಿ ಅದು. ಮೊದಲ ನಾಟಕ ಸಿದ್ಧರಾಮೇಶ್ವರ ಮಹಾತ್ಮೆ. ಆಮೇಲೆ ಹಾನಗಲ್ಲ ಕುಮಾರೇಶ್ವರರ ಮಹಾತ್ಮೆ ಮೊದಲಾದವು ಬಂದವು. ನಾಟಕ ಬರೆಯುವುದು, ಹಾಡು ಕಟ್ಟುವುದು, ರಾಗ ಕೂಡಿಸುವುದು, ನಟರಿಗೆ ಕಲಿಸುವುದು ಎಲ್ಲವನ್ನೂ ಅವರೇ ಹೊತ್ತರು. ಗಲ್ಲಾ ಪೆಟ್ಟಿಗೆಗೆ ಬಿದ್ದ ದುಡ್ಡು ಆಶ್ರಮದ ಅಡಿಗೆಮನೆಗೆ ಹೋಗಬೇಕು.

ನಮ್ಮ ವಿಮರ್ಶಕರು ಇಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ಹೊಟ್ಟೆಯ ಸಲುವಾಗಿ ಬರೆದ ನಾಟಕ, ಜಾತ್ರೆಯ ಜನಕ್ಕೆ ಬರೆದ ನಾಟಕ, ಅದನ್ನು ಸಾಹಿತ್ಯವೆನ್ನಬಹುದೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಮುನ್ನ ಹಾಡುವವನು ಬರೆಯುವುದಕ್ಕೂ ಹಾಡದವನು ಬರೆಯುವುದಕ್ಕೂ ಏನು ಅಂತರವೆಂಬುದನ್ನು ನೋಡಬೇಕಾಗುತ್ತದೆ.

ಇಟಲಿಯ ಭಾಷೆ ಆಪೆರಾಕ್ಕೆ ಏಕೆ ಅಷ್ಟು ಒಗ್ಗಿತು? ಆ ಭಾಷೆಯ ಶಬ್ದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ‘ಅಮೋರೆ’ ಎಂದರೆ ಪ್ರೀತಿ, ‘ನೋತ್ತೆ’ ಎಂದರೆ ರಾತ್ರಿ. ಬಾಯಿ ತೆರೆದೇ ಶಬ್ದ ಮುಗಿಯುವುದರಿಂದ ಗಾಯಕ ಅಲ್ಲಿ ನಿಲ್ಲಬಲ್ಲ, ನಾದವನ್ನು ಎಳೆಯಬಲ್ಲ. ನಮ್ಮ ಕನ್ನಡವೂ ಹಾಗೆಯೇ. ಹಳಗನ್ನಡದ ‘ಕಣ್’ ನಮ್ಮ ಬಾಯಲ್ಲಿ ‘ಕಣ್ಣು’ ಆಯಿತು. ಇಂಗ್ಲಿಷರಿಂದ ಬಂದ ಬಸ್ಸಿಗೆ, ಕಾರಿಗೆ, ರೈಲಿಗೆ ಕೂಡ ನಾವು ಒಂದು ಉಕಾರದ ಬಾಲ ಕಟ್ಟಿದೆವು. ಹಾಗಾದರೆ ಕನ್ನಡ ಹಾಡಿಗೆ ಹೇಳಿ ಮಾಡಿಸಿದ ಭಾಷೆಯೆಂದು ಸುಮ್ಮನಿರಬಹುದಲ್ಲ?

ಅಷ್ಟು ಸುಲಭವಿಲ್ಲ. ಕನ್ನಡದ ಶಬ್ದಗಳು ಬಹಳಷ್ಟು ಮುಗಿಯುವುದು ಉಕಾರದಲ್ಲಿ. ‘ಉ’ ಎನ್ನುವಾಗ ತುಟಿಗಳು ಮುಚ್ಚಿಕೊಳ್ಳುತ್ತವೆ, ನಾದ ಒಳಗೇ ಉಳಿಯುತ್ತದೆ. ಅದರ ಮೇಲೆ ತಾನು ಹೊಡೆಯುವುದು ಕಷ್ಟ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಥಿಯೇಟರಿನ ಕಟ್ಟಕಡೆಯ ಬೆಂಚಿನವನಿಗೂ ಮುಟ್ಟಬೇಕಾದರೆ ಬಾಯಿ ಅಗಲವಾಗಿ ತೆರೆಯುವ ‘ಆ’ ಬೇಕು, ‘ಏ’ ಬೇಕು, ಅದೂ ಸಾಲಿನ ಸರಿಯಾದ ಜಾಗದಲ್ಲಿ, ತಾಳದ ಸಮ ಬೀಳುವಲ್ಲಿ ಬೇಕು. ಮೇಜಿನ ಮುಂದೆ ಕುಳಿತು ಬರೆಯುವ ಕವಿ ‘ಕರ್ತೃತ್ವಶಕ್ತಿ’ ಎಂದು ಬರೆದು ಸಂತೋಷಪಡುತ್ತಾನೆ. ಅದನ್ನು ಏರು ಶ್ರುತಿಯಲ್ಲಿ ಹಾಡಬೇಕಾದ ನಟನ ಗಂಟಲಿನಲ್ಲಿ ಅದು ನೆಗ್ಗಿಲಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ.

ಕಂಪನಿ ನಾಟಕದ ಹಾಡುಗಳಲ್ಲಿ ‘ಗುರುವೇ’, ‘ತಂದೆಯೇ’, ‘ದೇವಾ’ ಎಂಬ ಕರೆಗಳು ಬೇಡವೆನ್ನುವಷ್ಟು ಬರುತ್ತವೆಂದು ಬುದ್ಧಿವಂತರು ಅಣಕಿಸುವುದುಂಟು. ಅಣಕ ಅರ್ಧ ಸರಿ. ಕೆಲವರು ಪದ ಸಿಗದೆ ಅವನ್ನು ತುರುಕಿದ್ದುಂಟು. ಆದರೆ ಬಲ್ಲ ಗಾಯಕ ಬರೆದಾಗ ಆ ಕರೆ ಬರುವುದು ಉಸಿರಿನ ಲೆಕ್ಕ ಹಾಕಿಕೊಂಡು. ತೆರೆದ ಸ್ವರವಿರುವಲ್ಲಿ ನಟ ನಿಂತು ರಾಗವನ್ನು ಬಿಡಿಸುತ್ತಾನೆ, ನೋಡುವವನ ಎದೆ ತುಂಬುತ್ತದೆ.

ಮೊದಲ ನಾಟಕಕ್ಕೆ ಆರಿಸಿಕೊಂಡ ಕಥೆಯನ್ನೇ ನೋಡಿ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಕಥೆ. ರಾಘವಾಂಕ ಕವಿ ಅದನ್ನು ಹಳೆಯ ಕಾಲದಲ್ಲಿಯೇ ಹಾಡಿ ಇಟ್ಟಿದ್ದಾನೆ. ದನ ಕಾಯುವ ಹುಡುಗನೊಬ್ಬ ತನಗೆ ಕಂಡ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋಗುತ್ತಾನೆ. ಬೆಟ್ಟದ ತುಂಬ ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತಾನೆ. ಕಾಣದೆ ಕಮರಿಗೆ ಹಾರಲು ನಿಲ್ಲುತ್ತಾನೆ. ಆಗ ಮಲ್ಲಿಕಾರ್ಜುನ ಬಂದು ಕೈ ಹಿಡಿಯುತ್ತಾನೆ. ರಂಗದ ಮೇಲೆ ಹಾಡುವವನಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕೆ? ಇಡೀ ದೃಶ್ಯವೇ ಒಂದು ಕರೆ. ಆ ಕರೆ ಮುಗಿಯುವುದೂ ತೆರೆದ ‘ಆ’ಕಾರದಲ್ಲಿ. ಕಣ್ಣಿಗೆ ಕಾಣದವನನ್ನು ಕೂಗಿ ಕೂಗಿ ಹುಡುಕುವ ಹುಡುಗನ ಪಾಡು ಕಣ್ಣಿಲ್ಲದ ಆಶ್ರಮದ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾದದ್ದಲ್ಲ. ಮುಂದೆ ಅದೇ ಸಿದ್ಧರಾಮ ಕೆರೆ ಕಟ್ಟಿಸುತ್ತಾನೆ, ಜನಕ್ಕೆ ನೀರುಣಿಸುತ್ತಾನೆ. ಮತ್ತೆ ದಾಸೋಹದ ಮಾತೇ.

ಕಣ್ಣಿಲ್ಲದವರು ನಾಟಕ ಹೇಗೆ ಬರೆದರೆಂದು ಆಶ್ಚರ್ಯಪಡುವವರಿದ್ದಾರೆ. ಪರದೆಯ ಬಣ್ಣ, ನಟನ ವೇಷ, ಕತ್ತಿ ಕಿರೀಟಗಳ ಥಳಕು ಇವೇ ನಾಟಕವೆಂದು ತಿಳಿದವರಿಗೆ ಹಾಗೆ ತೋರುವುದು ಸಹಜ. ಆದರೆ ಈಗ ರೇಡಿಯೋದ ಮುಂದೆ ಕುಳಿತಿರುವ ನಿಮಗೆ ಈ ಆಶ್ಚರ್ಯ ಇರಬೇಕಾಗಿಲ್ಲ. ಬಾನುಲಿ ನಾಟಕವನ್ನು ಕೇಳುವಾಗ ನಾವೆಲ್ಲರೂ ಪುಟ್ಟರಾಜರ ಜಾಗದಲ್ಲಿಯೇ ಇರುತ್ತೇವೆ. ಬಾಗಿಲು ತೆರೆದದ್ದು, ಯಾರೋ ಒಳಗೆ ಬಂದದ್ದು, ಬಂದವರು ಸಿಟ್ಟಿನಲ್ಲಿದ್ದಾರೋ ದುಃಖದಲ್ಲಿದ್ದಾರೋ ಎಂಬುದು ಎಲ್ಲವೂ ಕಿವಿಯಿಂದಲೇ ತಿಳಿಯಬೇಕು. ಕಿವಿಯಿಂದ ಬರೆದ ನಾಟಕದಲ್ಲಿ ಮಾತಿಗೆ ಮತ್ತು ಹಾಡಿಗೆ ಹೊಣೆ ಹೆಚ್ಚು. ವೇಷಭೂಷಣ ಬಡವಾಗಿದ್ದರೂ ಅಂಥ ನಾಟಕ ನಿಲ್ಲುತ್ತದೆ. ಕೈಯಲ್ಲಿ ಕಾಸಿಲ್ಲದ ಕಂಪನಿಗೆ ಇದೇನು ಸಣ್ಣ ಅನುಕೂಲವೇ?

ಇನ್ನು ಬರವಣಿಗೆಯ ಮಾತು. ಹೇಳಿ ಬರೆಯಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ವ್ಯಾಸರು ಹೇಳಿದರು, ಗಣಪತಿ ಬರೆದುಕೊಂಡ. ಕಣ್ಣಿಲ್ಲದವರಿಗೆ ಇನ್ನೊಂದು ದಾರಿ ಬ್ರೈಲ್ ಲಿಪಿ. ಈ ಲಿಪಿಯನ್ನು ಕಂಡುಹಿಡಿದ ಫ್ರಾನ್ಸಿನ ಲೂಯಿ ಬ್ರೈಲ್ ತಾನೂ ಅಂಧ, ತಾನೂ ಸಂಗೀತಗಾರ. ಪ್ಯಾರಿಸಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆರು ಚುಕ್ಕೆಗಳಲ್ಲಿ ಅವನು ಅಕ್ಷರವನ್ನೂ ಬರೆದ, ಸಂಗೀತದ ಸ್ವರವನ್ನೂ ಬರೆದ. ವಾದ್ಯದ ಮನೆಗಳನ್ನು ಬಲ್ಲ ಬೆರಳಿಗೇ ಚುಕ್ಕೆಗಳ ಮನೆಯೂ ಹೊಳೆಯಿತೆಂದು ನನಗೆ ಅನಿಸುತ್ತದೆ. ಭಾರತದ ಭಾಷೆಗಳಿಗೆಲ್ಲ ಹೊಂದುವ ಒಂದೇ ಬ್ರೈಲ್ ಪದ್ಧತಿ ಒಪ್ಪಿತವಾದದ್ದು 1951ರಲ್ಲಿ. ಪುಟ್ಟರಾಜರು ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಹಿಂದಿಯಲ್ಲಿ ಬಸವಪುರಾಣವನ್ನು ಬರೆದರು. ಎಲ್ಲ ಸೇರಿ ಎಂಬತ್ತರ ಸುಮಾರು ಪುಸ್ತಕಗಳೆನ್ನುತ್ತಾರೆ. ಕಣ್ಣಿದ್ದು, ಬಿಡುವಿದ್ದು, ಮೇಜು ಕುರ್ಚಿಗಳಿದ್ದು ನಾವು ಎಷ್ಟು ಬರೆದಿದ್ದೇವೆಂಬ ಲೆಕ್ಕವನ್ನು ಇಲ್ಲಿ ತೆಗೆಯುವುದು ಬೇಡ.

ಅವರು ಬರೆದದ್ದರಲ್ಲಿ ಪುರಾಣಗಳದು ದೊಡ್ಡ ಪಾಲು. ಪುರಾಣವೆಂದರೆ ನಮ್ಮ ಕಡೆ ಮನೆಯ ಮೂಲೆಯಲ್ಲಿ ಕುಳಿತು ಒಬ್ಬರೇ ಓದುವ ಪುಸ್ತಕವಲ್ಲ. ಶ್ರಾವಣ ಬಂತೆಂದರೆ ಊರೂರಿನ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಅರ್ಥ ಹೇಳುತ್ತಾರೆ. ಪಕ್ಕದಲ್ಲಿ ಪೇಟಿ ಹಿಡಿದ ಗವಾಯಿ ಪದ್ಯವನ್ನು ರಾಗ ಮಾಡಿ ಹಾಡುತ್ತಾನೆ, ಅವನ ಪಕ್ಕದಲ್ಲಿ ತಬಲಾದವನು. ಕಲಬುರಗಿ ಸೀಮೆಯಲ್ಲಿ ಶರಣಬಸವೇಶ್ವರರ ಪುರಾಣ ಹೀಗೆಯೇ ಮನೆಮನೆಯ ಮಾತಾದದ್ದು. ಈ ಪುರಾಣದ ಗವಾಯಿಗಳಲ್ಲಿ ಎಷ್ಟೋ ಮಂದಿ ಗದಗಿನ ಆಶ್ರಮದಲ್ಲಿ ಕಲಿತು ಬಂದವರು. ಹಾಡುವವರನ್ನೂ ತಯಾರು ಮಾಡಿ, ಅವರು ಹಾಡುವುದಕ್ಕೆ ಗ್ರಂಥವನ್ನೂ ತಯಾರು ಮಾಡಿಕೊಟ್ಟವರು ಪುಟ್ಟರಾಜರು. ಕಣ್ಣಿಲ್ಲದ ಹುಡುಗನೊಬ್ಬ ಭಿಕ್ಷೆಯ ಜೋಳಿಗೆ ಹಿಡಿಯದೆ, ಶ್ರಾವಣದ ಒಂದು ತಿಂಗಳು ಗುಡಿಯಲ್ಲಿ ಹಾಡಿ ಸಂಭಾವನೆ ಪಡೆದು ಮಾನದಿಂದ ಊರಿಗೆ ಹೋಗುವ ಹಾಗಾಯಿತು. ಅವರ ಬರವಣಿಗೆಯ ಬೆಲೆಯನ್ನು ಅಳೆಯುವಾಗ ಇದನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.

ಹೊರಗಿನ ಜಗತ್ತಿನಲ್ಲಿ ಇವರಿಗೆ ಸಮೀಪದವರು ಯಾರಿದ್ದಾರೆಂದು ಯೋಚಿಸಿದ್ದೇನೆ. ಇಟಲಿಯ ಆಂದ್ರೆಯಾ ಬೊಚೆಲ್ಲಿಯ ಹೆಸರನ್ನು ನೀವು ಕೇಳಿರಬಹುದು. 1958ರಲ್ಲಿ ಹುಟ್ಟಿದ ಈ ಗಾಯಕನಿಗೆ ಹನ್ನೆರಡನೆಯ ವಯಸ್ಸಿನಲ್ಲಿ, ಕಾಲ್ಚೆಂಡಾಡುವಾಗ ಆದ ಪೆಟ್ಟಿನಿಂದ, ಇದ್ದ ಅಲ್ಪ ದೃಷ್ಟಿಯೂ ಹೋಯಿತು. ಆಪೆರಾ ಹಾಡಿ ಜಗತ್ಪ್ರಸಿದ್ಧನಾದ ಮೇಲೆ ತನ್ನ ಬಾಳಿನ ಕಥೆಯನ್ನು ಪುಸ್ತಕವಾಗಿ ಬರೆದ. ಅವನ ಲೇಖನಿ ತನ್ನ ಕಥೆಯನ್ನು ಹೇಳಿತು. ನಮ್ಮವರಲ್ಲಿಯೂ ಆ ಬಗೆಯ ಬರವಣಿಗೆ ಇದೆ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದವರು. ಆಮೇಲೆ ರಂಗ ಬಿಟ್ಟು ಖ್ಯಾಲಿನ ಲೋಕಕ್ಕೆ ಹೋದರು, ಇಳಿವಯಸ್ಸಿನಲ್ಲಿ ‘ನನ್ನ ರಸಯಾತ್ರೆ’ ಎಂಬ ಸೊಗಸಾದ ಆತ್ಮಕಥೆ ಬರೆದರು. ಅದನ್ನು ಓದದ ಸಂಗೀತಪ್ರಿಯರು ಓದಬೇಕು. ಪುಟ್ಟರಾಜರ ದಾರಿ ಬೇರೆ. ಅವರು ರಂಗವನ್ನು ದಾಟಿಹೋಗಲಿಲ್ಲ, ಬರೆದದ್ದೂ ತಮ್ಮ ಕಥೆಯನ್ನಲ್ಲ. ಶರಣರ ಕಥೆ, ಗುರುಗಳ ಕಥೆ ಬರೆದರು.

ಇದಕ್ಕೆ ಅವರು ತೆತ್ತ ಬೆಲೆಯೂ ಇದೆ. ಅದನ್ನು ಮುಚ್ಚಿಡಬಾರದು. ಮನಸೂರರಿಗೆ ಪದ್ಮಭೂಷಣ ಬಂದದ್ದು 1976ರಲ್ಲಿ, ಪುಟ್ಟರಾಜರಿಗೆ ಬಂದದ್ದು 2010ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ. ಪ್ರಶಸ್ತಿಯೇ ಅಳತೆಗೋಲಲ್ಲ, ಒಪ್ಪೋಣ. ಆದರೆ ಖ್ಯಾಲಿನ ಗಾಯಕರಾಗಿ ಅವರನ್ನು ದೇಶ ಎಷ್ಟು ಕೇಳಬೇಕಾಗಿತ್ತೋ ಅಷ್ಟು ಕೇಳಲಿಲ್ಲ. ಆ ಕಂಠ ಎಲ್ಲಿಗೆ ಹೋಯಿತು? ತಾಲೀಮಿನ ಮನೆಗೆ ಹೋಯಿತು, ಹುಡುಗರಿಗೆ ಸ್ವರ ಹೇಳುವುದಕ್ಕೆ ಹೋಯಿತು, ಅಡಿಗೆಮನೆಯ ಒಲೆಗೆ ಹೋಯಿತು. ಅವರು ಮೈಫಿಲಿಗೇ ಮೀಸಲಾಗಿದ್ದರೆ ನಮ್ಮ ಧ್ವನಿಮುದ್ರಿಕೆಗಳ ಭಂಡಾರ ಇನ್ನೂ ತುಂಬುತ್ತಿತ್ತೆಂದು ವ್ಯಥೆಪಡುವ ರಸಿಕರನ್ನು ನಾನು ಬಲ್ಲೆ. ಅವರ ವ್ಯಥೆ ಸುಳ್ಳಲ್ಲ. ನನಗೂ ಕೆಲವು ಸಲ ಹಾಗೆ ಅನಿಸಿದ್ದುಂಟು.

ಆದರೆ ಅದೇ ಲೆಕ್ಕದ ಇನ್ನೊಂದು ಬದಿಯೂ ಇದೆ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನೊಬ್ಬನನ್ನು ಅವನ ಸೋದರಮಾವ, ತೊಗಲುಗೊಂಬೆಯ ಕಲಾವಿದ ಬೆಳಗಲ್ಲು ವೀರಣ್ಣನವರು, ತಂದು ಆಶ್ರಮದಲ್ಲಿ ಬಿಟ್ಟರು. ಹತ್ತು ವರ್ಷಗಳಿಗೂ ಮಿಕ್ಕಿ ಆ ಹುಡುಗ ಪುಟ್ಟರಾಜರ ಬಳಿ ಕಲಿತ, ಅಲ್ಲಿಯ ಅನ್ನ ಉಂಡ. ಅವರೇ ಮುಂದೆ ಧಾರವಾಡದಲ್ಲಿ ನೆಲೆಸಿ, 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶ ಕುಮಾರರು. ಇಲ್ಲಿಯೂ ಒಬ್ಬ ಸೋದರಮಾವ ಎಂಬುದನ್ನು ಗಮನಿಸಿದಿರಾ? ಪಂಚಾಕ್ಷರಿ ಗವಾಯಿಗಳ ಕಾಲದಲ್ಲಿ ಇದೇ ಗುರುಮನೆಯಲ್ಲಿ ಬಸವರಾಜ ರಾಜಗುರುಗಳು ಕಲಿತರು, ರಾಯಚೂರು ಸೀಮೆಗೆ ಹೆಸರು ತಂದ ಸಿದ್ಧರಾಮ ಜಂಬಲದಿನ್ನಿಯವರು ಕಲಿತರು. ಜಂಬಲದಿನ್ನಿಯವರ ವಚನಗಾಯನವನ್ನು ಬಾನುಲಿಯಲ್ಲಿ ಕೇಳಿ ಬೆಳೆದವರು ನಮ್ಮ ಭಾಗದಲ್ಲಿ ಬಹಳ.

1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಎಂಬ ಚಲನಚಿತ್ರ ಬಂತು. ಅದನ್ನು ನಿರ್ದೇಶಿಸಿದ ಚಿಂದೋಡಿ ಬಂಗಾರೇಶರು ಕಂಪನಿ ನಾಟಕದ ಮನೆತನದವರೇ. ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು. ದಿಲ್ಲಿಯ ಜನಕ್ಕೆ ಗದಗಿನ ಗುರುಪರಂಪರೆಯ ಸುದ್ದಿ ಮುಟ್ಟಿದ್ದು ಕಡೆಗೆ ಒಂದು ಹಾಡಿನ ನಾಟಕದಿಂದಲೇ, ಪರದೆಯ ಮೇಲಿನ ನಾಟಕದಿಂದ.

ಪುಟ್ಟರಾಜರ ಕೊನೆಯ ದಶಕಗಳಲ್ಲಿ ಊರೂರಿನವರು ಅವರನ್ನು ಕರೆದು ತುಲಾಭಾರ ಮಾಡುತ್ತಿದ್ದರು. ಒಂದು ತಟ್ಟೆಯಲ್ಲಿ ಬಿಳಿಯ ಬಟ್ಟೆಯ ಹಗುರಾದ ಮುದುಕರು, ಇನ್ನೊಂದು ತಟ್ಟೆಯಲ್ಲಿ ನಾಣ್ಯವೋ ಕಾಳೋ. ಎಂಥ ಸನ್ಮಾನಕ್ಕೂ ಬಗ್ಗದ ವಿರಕ್ತರು ಇದಕ್ಕೆ ಮಾತ್ರ ಒಪ್ಪಿ ತಕ್ಕಡಿಯಲ್ಲಿ ಕುಳಿತುಕೊಳ್ಳುತ್ತಿದ್ದುದೇಕೆಂದು ಮೊದಮೊದಲು ಕೆಲವರಿಗೆ ಅರ್ಥವಾಗಲಿಲ್ಲ. ತೂಗಿದ್ದೆಲ್ಲ ಆಶ್ರಮಕ್ಕೆ ಹೋಗುತ್ತಿತ್ತು. ಹಿಂದೆ ನಾಟಕದ ಗಲ್ಲಾ ಪೆಟ್ಟಿಗೆ ಮಾಡಿದ ಕೆಲಸವನ್ನು ಈಗ ಅವರ ಮೈತೂಕ ಮಾಡುತ್ತಿತ್ತು. 2010ರ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಗದಗಿನ ಆಶ್ರಮದಲ್ಲಿ ಇಂದಿಗೂ ಮಕ್ಕಳಿಗೆ ಊಟ ಹಾಕಿ ಸಂಗೀತ ಹೇಳಿಕೊಡುತ್ತಾರೆ. ಅಲ್ಲಿ ಸ್ವರ ಕಲಿತ ಹುಡುಗರು ಮುಂದೆ ಪೇಟಿ ಹೊತ್ತು ಊರೂರಿಗೆ ಹೊರಡುತ್ತಾರೆ. ಬರುವ ಶ್ರಾವಣದಲ್ಲಿ ಕಲಬುರಗಿಯ ಕಡೆಯ ಯಾವುದಾದರೂ ಹಳ್ಳಿಯ ಗುಡಿಯಲ್ಲಿ ಪುರಾಣ ಕೇಳಲು ನೀವು ಹೋದರೆ, ಅರ್ಥ ಹೇಳುವ ಶಾಸ್ತ್ರಿಗಳ ಬಲಕ್ಕೋ ಎಡಕ್ಕೋ ಕುಳಿತು ಹಾಡುವವನನ್ನು ಒಮ್ಮೆ ಎಲ್ಲಿ ಕಲಿತಿರಿ ಎಂದು ಕೇಳಿ ನೋಡಿ.